ಕೊಯ್ಲಿನ ಕಾಲದಲ್ಲಿ ಹತ್ತನೇ ಕ್ಲಾಸು

ಕೇಳುಗರೆಲ್ಲರಿಗೂ ನಮಸ್ಕಾರ.

ಕೊಡಗಿನಲ್ಲಿ ರೋಬಸ್ಟಾ ಕಾಫಿ ಹಣ್ಣಾಗಿದೆ. ತೋಟದ ಕೆಲಸಗಾರರು ಇರುವ ಲೈನ್ ಮನೆಗಳಲ್ಲಿ ಈಗ ಬೆಳಗಾಗೋದೇ ಬೇಗ. ಹಣ್ಣು ಕುಯ್ಯುವವರಿಗೆ ಕಿಲೋ ಲೆಕ್ಕದಲ್ಲಿ ದುಡ್ಡು, ಹಾಗಾಗಿ ಕೈಗಳು ಜಾಸ್ತಿ ಇದ್ದಷ್ಟೂ ಚೀಲ ಬೇಗ ತುಂಬುತ್ತದೆ. ಹಳ್ಳಿ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು ನಾನು. ಜನವರಿ ಬಂದರೆ ಹತ್ತನೇ ಕ್ಲಾಸಿನ ಹಿಂದಿನ ಬೆಂಚು ಖಾಲಿಯಾಗುತ್ತಿತ್ತು. ಹುಡುಗ ತೋಟದಲ್ಲಿ. ಹುಡುಗಿ ಮನೆಯಲ್ಲಿ, ತಮ್ಮನನ್ನು ನೋಡಿಕೊಂಡು. ಪರೀಕ್ಷೆಗೆ ಇನ್ನೆರಡೇ ತಿಂಗಳು!

"ಓದಿದರೆ ಸಂಬಳ ಜಾಸ್ತಿ ಬರುತ್ತಾ ಟೀಚರೇ?" ಅಂತ ತಾಯಂದಿರು ಕೇಳುತ್ತಿದ್ದರು. ಹೌದಮ್ಮಾ, ಬರುತ್ತದೆ. ಹಲವು ದೇಶಗಳ ಲೆಕ್ಕ ಕೂಡಿಸಿ ನೋಡಿದ ಅರ್ಥಶಾಸ್ತ್ರಜ್ಞರು, ಒಂದು ವರ್ಷ ಹೆಚ್ಚು ಓದಿದರೆ ಗಳಿಕೆ ಸರಾಸರಿ ಶೇಕಡಾ 9ರ ಆಸುಪಾಸು ಏರುತ್ತದೆ ಅನ್ನುತ್ತಾರೆ.

ಆದರೆ ಸರಾಸರಿ ಅಂದರೆ ಎಲ್ಲರಿಗೂ ಅಷ್ಟೇ ಅಂತಲ್ಲ. ಡಿಗ್ರಿ ಮುಗಿಸಿ ಕೆಲಸ ಸಿಗದೆ ಕೂತವರು ನಮ್ಮ ನಡುವೆಯೇ ಇದ್ದಾರೆ. ಇನ್ನು ಕೊಡಗಿನಲ್ಲಿ ತೋಟ ಎಂಬುದೊಂದಿದೆ. ಪಿಯುಸಿಗೇ ಓದು ಬಿಟ್ಟ ಬೆಳೆಗಾರ, ಕಾಫಿಗೆ ಒಳ್ಳೆ ರೇಟು ಬಂದ ವರ್ಷ, ಎಂ.ಎ. ಮಾಡಿದವನಿಗಿಂತ ಜಾಸ್ತಿ ಗಳಿಸುತ್ತಾನೆ. ಅದನ್ನು ನೋಡಿ "ಓದಿ ಏನು ಬಂತು?" ಅನ್ನುವವರಿದ್ದಾರೆ. ಅಲ್ಲಿ ದುಡಿದದ್ದು ಅಜ್ಜ ಬಿಟ್ಟುಹೋದ ಭೂಮಿ, ಅಲ್ವಾ? ಲೈನ್ ಮನೆಯ ಮಗುವಿಗೆ, ಆದಿವಾಸಿಗಳ ಹಾಡಿಯ ಮಗುವಿಗೆ ಆ ಭೂಮಿ ಇಲ್ಲ. ಅವರ ಕೈಗೆ ಸಿಗಬಹುದಾದ ಆಸ್ತಿ ಓದು ಮಾತ್ರ.

ಸಂಬಳದ ಮೊತ್ತಕ್ಕಿಂತ ನನಗೆ ಮುಖ್ಯ ಅನಿಸುವುದು ಬೇರೆ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಮಳೆ ಹಿಡಿದರೆ ದಿನಗೂಲಿಯವರಿಗೆ ಎಷ್ಟೋ ದಿನ ಕೆಲಸವೇ ಇರೋದಿಲ್ಲ. ಅಂಗಡಿ ಸಾಲ ಬೆಳೆಯುತ್ತದೆ. ಅದೇ ಮನೆಯ ಮಗಳು ನರ್ಸಿಂಗ್ ಓದಿ ಆಸ್ಪತ್ರೆ ಸೇರಿದರೆ, ಮಗ ಐಟಿಐ ಮಾಡಿ ಒಂದು ಕಾರ್ಖಾನೆ ಸೇರಿದರೆ, ಮಳೆ ಬರಲಿ ಬಿಡಲಿ ತಿಂಗಳ ಸಂಬಳ ಬರುತ್ತದೆ. ನರ್ಸಿಂಗಿಗೂ, ಐಟಿಐನ ಬಹುತೇಕ ಕೋರ್ಸುಗಳಿಗೂ ಮೊದಲು ಎಸ್‌ಎಸ್‌ಎಲ್‌ಸಿ ಪಾಸಾಗಬೇಕು.

ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುತ್ತದೆ. ಮೊದಲನೆಯದರಲ್ಲಿ ಆಗಲಿಲ್ಲ ಅಂದರೆ ಎರಡನೆಯದು ಬರೆಯಬಹುದು. ತಂದೆ ತಾಯಂದಿರೇ, ಫೇಲಾಯಿತು ಅಂತ ಮಗುವನ್ನು ಸುಮ್ನೆ ತೋಟಕ್ಕೆ ಕರೆದುಕೊಂಡು ಹೋಗಬೇಡಿ. ಶಾಲೆಗೆ ಬಂದು ಕೇಳಿ.

ತೋಟದ ಮಾಲೀಕರಲ್ಲೂ, ತೋಟದ ಲೆಕ್ಕ ನೋಡುವ ರೈಟರುಗಳಲ್ಲೂ ಒಂದು ಮಾತು. ಬೆಳಿಗ್ಗೆ ಆಳುಗಳನ್ನು ತರಲು ನಿಮ್ಮ ಜೀಪು ಹೇಗೂ ಹೊರಡುತ್ತದೆ. ಹತ್ತನೇ ಕ್ಲಾಸಿನ ಮಕ್ಕಳನ್ನು ಅದರಲ್ಲೇ ಶಾಲೆಯ ಗೇಟಿನ ತನಕ ಬಿಟ್ಟು ಬನ್ನಿ. ಪರೀಕ್ಷೆ ಮುಗಿಯುವವರೆಗೆ ಸಾಕು.

ನಮಸ್ಕಾರ.