ಮರೆವಿಗೆ ಕಾಲವೊಂದೇ ಕಾರಣವೇ?

ಸಭೆಯಲ್ಲಿರುವ ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ನಮ್ಮ ಕೊಡಗಿನಲ್ಲಿ ಕಾಫಿ ತೋಟವಿರುವ ಅನೇಕ ಮನೆಗಳ ಅಂಗಳದಲ್ಲಿ ಮಳೆಮಾಪಕವಿರುತ್ತದೆ. ಬೆಳಿಗ್ಗೆ ಅದನ್ನು ನೋಡಿ ಇಂಚು, ಸೆಂಟುಗಳಲ್ಲಿ (ಇಂಚಿನ ನೂರನೇ ಒಂದು ಪಾಲೇ ಸೆಂಟು) ಡೈರಿಗೆ ಬರೆದಿಡುವ ರೂಢಿಯೂ ಉಂಟು. ಆ ಡೈರಿ ಬರೆದವರನ್ನೇ ಕೇಳಿ ನೋಡಿ: ಮೂರು ವರ್ಷದ ಹಿಂದೆ ಕಾಫಿ ಹೂವರಳಿಸುವ ಹೂಮಳೆ ಯಾವತ್ತು ಬಂತು, ಎಷ್ಟು ಬಂತು? ಒಂದು ಲೆಕ್ಕ ಹೇಳಿ, ಮರುಕ್ಷಣವೇ ‘ಅಲ್ಲ, ಅದು ಹೋದ ವರ್ಷದ್ದಿರಬೇಕು’ ಎಂದು ತಡವರಿಸುತ್ತಾರೆ. ಅದಕ್ಕಿಂತ ಹಳೆಯದಾದ 2018ರ ಆಗಸ್ಟ್ ತಿಂಗಳ ಮಳೆಯನ್ನು ಕೇಳಿದರೆ, ಗುಡ್ಡ ಕುಸಿದ ಸುದ್ದಿ ಬಂದಾಗ ತಾವು ಎಲ್ಲಿ ನಿಂತಿದ್ದೆವು ಎಂಬುದನ್ನೂ ಹೇಳುತ್ತಾರೆ. ಕಾಲ ಕಳೆದಂತೆ ನೆನಪು ತಾನಾಗಿ ಮಾಸುತ್ತದೆ ಎಂಬುದಷ್ಟೇ ನಿಜವಾಗಿದ್ದರೆ ಈ ಲೆಕ್ಕ ತಾಳೆಯಾಗುವುದಿಲ್ಲ.

1932ರಲ್ಲಿ ಮೆಕ್‌ಗಿಯೋಕ್ ಎಂಬ ಮನಶ್ಶಾಸ್ತ್ರಜ್ಞ ಎತ್ತಿದ ತಕರಾರೂ ಇದೇ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ಕಾಲ ಬೇಕು, ಆದರೆ ತುಕ್ಕು ಹಿಡಿಸುವುದು ಕಾಲವಲ್ಲ; ಹಾಗೆಯೇ ಮರೆಸುವುದು ನಡುವೆ ಬಂದು ಸೇರುವ ಬೇರೆ ನೆನಪುಗಳು ಎಂಬುದು ಅವರ ವಾದ. 1924ರಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಹತ್ತು ಅಕ್ಷರಗುಚ್ಛಗಳನ್ನು ಕಲಿಸಿ ಪರೀಕ್ಷಿಸಿದ್ದರು. ಎಂಟು ಗಂಟೆ ಮಲಗಿ ಎದ್ದಾಗ ಅರ್ಧಕ್ಕಿಂತ ಹೆಚ್ಚು ನೆನಪಿತ್ತು. ಎಂಟು ಗಂಟೆ ಎಚ್ಚರವಿದ್ದಾಗ ಉಳಿದದ್ದು ಹೆಚ್ಚುಕಡಿಮೆ ಒಂದೇ. ನಿದ್ರೆಯಲ್ಲಿ ಹೊಸ ನೆನಪುಗಳು ಅಷ್ಟಾಗಿ ಬಂದು ಸೇರುವುದಿಲ್ಲವಾದ್ದರಿಂದ ಇದು ಆ ವಾದಕ್ಕೆ ಒಪ್ಪುತ್ತದೆ. ಆದರೆ ನಿದ್ರೆ ತಾನೇ ನೆನಪನ್ನು ಗಟ್ಟಿಗೊಳಿಸುತ್ತದೆ ಎಂಬುದು ಈಗ ಗೊತ್ತಿರುವುದರಿಂದ, ಇದಷ್ಟನ್ನೇ ಪುರಾವೆಯೆಂದು ಹಿಡಿಯಲು ನಾನು ಸಿದ್ಧನಿಲ್ಲ.

ನನಗೆ ಹೆಚ್ಚು ರುಚಿಸುವುದು ಅಂಡರ್‌ವುಡ್ 1957ರಲ್ಲಿ ಬಿಡಿಸಿದ ಒಗಟು. ಕಲಿತ ಪಟ್ಟಿಯ ಸುಮಾರು ಮುಕ್ಕಾಲು ಪಾಲು ಒಂದೇ ದಿನದಲ್ಲಿ ಮರೆತುಹೋಗುತ್ತದೆ ಎಂದು ಪ್ರಯೋಗಾಲಯದ ವರದಿಗಳು ಹೇಳುತ್ತಿದ್ದವು. ಅವರು ಹಳೆಯ ವರದಿಗಳನ್ನು ಮುಂದಿಟ್ಟುಕೊಂಡು, ಆ ಪಟ್ಟಿಗೆ ಮೊದಲು ಆ ವ್ಯಕ್ತಿಗಳು ಎಷ್ಟು ಪಟ್ಟಿಗಳನ್ನು ಕಲಿತಿದ್ದರೆಂದು ಎಣಿಸಿದರು. ಒಂದನ್ನೇ ಕಲಿತವರು ಮರೆತದ್ದು ಕಾಲು ಭಾಗದಷ್ಟು ಮಾತ್ರ. ಹತ್ತಿಪ್ಪತ್ತು ಕಲಿತವರಲ್ಲಿಯೇ ಮರೆವು ಏರಿತ್ತು. ಕಾಲ ಕಳೆದಂತೆ ನೆನಪು ಹೇಗೆ ಇಳಿಯುತ್ತದೆಂದು ತೋರಿಸುವ ಮರೆವಿನ ರೇಖೆಯನ್ನು 1885ರಲ್ಲಿ ಪ್ರಕಟಿಸಿದ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು ಲೆಕ್ಕವಿಲ್ಲದಷ್ಟು ಪಟ್ಟಿಗಳನ್ನು ಉರುಹೊಡೆದಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಹೀಗೆ ಹಳೆಯ ಕಲಿಕೆ ಹೊಸದನ್ನು ತಡೆಯುವುದು ಒಂದು ಬಗೆ. ಹೊಸದು ಹಳೆಯದನ್ನು ಮುಚ್ಚುವುದು ಇನ್ನೊಂದು. ಎರಡರಲ್ಲಿಯೂ ನೆನಪುಗಳು ಒಂದನ್ನೊಂದು ಹೋಲುವಷ್ಟೂ ಪೈಪೋಟಿ ಜೋರು. ‘ಹೂಮಳೆ’ ಎಂಬ ಒಂದೇ ಸುಳಿವಿಗೆ ಇಪ್ಪತ್ತು ಮಾರ್ಚ್‌ಗಳು ಒಟ್ಟಿಗೆ ಓಗೊಡುತ್ತವೆ. 2018ರ ಆಗಸ್ಟಿಗೆ ಅಂಥ ಜೋಡಿಯಿಲ್ಲ.

ಹಾಗೆಂದು ಸೋತ ನೆನಪು ಅಳಿದೇಹೋಗಿದೆ ಎನ್ನಲಾಗದು. ಒಂದರ ಮೇಲೊಂದು ಪಟ್ಟಿ ಕಲಿತು ಮೊದಲಿನದನ್ನು ಮರೆತವರಿಗೆ, ಪದಗಳು ಸೇರಿದ್ದ ವರ್ಗಗಳ ಹೆಸರನ್ನಷ್ಟೇ ಕೊಟ್ಟಾಗ, ಮರೆತವುಗಳಲ್ಲಿ ಹೆಚ್ಚಿನವು ಮರಳಿ ಬಂದದ್ದನ್ನು ಟಲ್ವಿಂಗ್ ಮತ್ತು ಸೋಟ್ಕಾ 1971ರಲ್ಲಿ ತೋರಿಸಿದರು. ನಮ್ಮ ಡೈರಿಯಲ್ಲಿಯೂ ‘1 ಇಂಚು 20 ಸೆಂಟು’ ಎಂಬ ಅಂಕಿ ಯಾವ ನೆನಪನ್ನೂ ತರುವುದಿಲ್ಲ. ಅದರ ಪಕ್ಕದಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ಗೀಚಿದ ‘ಗಾಳಿ, ಸಿಲ್ವರ್ ಮರ ಬಿತ್ತು’ ಎಂಬ ಮಾತು ಕಣ್ಣಿಗೆ ಬಿದ್ದರೆ, ಆ ಸಂಜೆ ಮರ ಕಡಿಯಲು ಬಂದವರ ಮುಖವೂ ನೆನಪಾಗುತ್ತದೆ.