ಟೋಪಿಯೊಳಗಿನ ಕಲ್ಲು

ಕೇಳುಗರೇ, ನಮಸ್ಕಾರ. ಇಂದು ನಾನು ಹೇಳಬೇಕೆಂದಿರುವುದು ಒಂದು ಕಲ್ಲಿನ ಕಥೆ. ಮೊಟ್ಟೆಯಾಕಾರದ, ಕಂದು ಬಣ್ಣದ ಕಲ್ಲು. 1822ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಎಂಬಲ್ಲಿ, ನೆರೆಯವರ ಬಾವಿ ತೋಡುವಾಗ ಅದು ಸಿಕ್ಕಿತು. ತೋಡುತ್ತಿದ್ದವರಲ್ಲಿ ಹದಿನಾರು ವರ್ಷದ ಜೋಸೆಫ್ ಸ್ಮಿತ್ ಇದ್ದ. ಮುಂದೆ ಮಾರ್ಮನ್ ಎಂಬ ಕ್ರೈಸ್ತ ಪಂಥವನ್ನು ಸ್ಥಾಪಿಸಿದವನು ಅವನೇ.

ಸ್ಮಿತ್ ಕುಟುಂಬ ಪಾಲ್ಮೈರಾಕ್ಕೆ ಬಂದದ್ದೇ ಸೋತು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಮರುವರ್ಷ ಅವರಿದ್ದ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಜೂನ್ ತಿಂಗಳಲ್ಲೇ ಹಿಮ ಬಿದ್ದು ಬೆಳೆ ಹಾಳಾಯಿತು. ಅವರು ಬಂದು ಸೇರಿದ ಪಾಲ್ಮೈರಾದ ಬಡ ರೈತರ ಸೀಮೆಯಲ್ಲಿ ನೆಲದಡಿ ನಿಧಿಯಿದೆಯೆಂಬ ನಂಬಿಕೆ ದಟ್ಟವಾಗಿತ್ತು. ರಾತ್ರಿ ಮಂಡಲ ಬರೆದು ಅಗೆಯಬೇಕು. ಯಾರಾದರೂ ತುಟಿ ಬಿಚ್ಚಿದರೆ ಪೆಟ್ಟಿಗೆ ಇನ್ನೂ ಆಳಕ್ಕೆ ಜಾರಿಬಿಡುತ್ತದೆ. ನಿಧಿಯ ಜಾಗ ಹೇಳಲು, ನಮ್ಮಲ್ಲಿ ಅಂಜನ ಹಾಕಿ ನೋಡುವವರಿದ್ದಂತೆ, ಅಲ್ಲಿ ಕಲ್ಲು ನೋಡುವವರಿದ್ದರು. ಜೋಸೆಫ್ ಕಲ್ಲನ್ನು ಟೋಪಿಯೊಳಗಿಟ್ಟು, ಬೆಳಕು ನುಸುಳದಂತೆ ಮುಖವನ್ನು ಅದರಲ್ಲಿ ಹುದುಗಿಸಿ ನೋಡುತ್ತಿದ್ದ.

1825ರಲ್ಲಿ ಜೋಸಾಯ ಸ್ಟೋವೆಲ್ ಎಂಬ ರೈತ, ಸ್ಪೇನಿನವರು ಬಿಟ್ಟುಹೋದ ಬೆಳ್ಳಿಯನ್ನು ಹುಡುಕಲು ಅವನನ್ನು ಪೆನ್ಸಿಲ್ವೇನಿಯಾದ ಹಾರ್ಮನಿಗೆ ಕರೆದೊಯ್ದ. ಬೆಳ್ಳಿ ಸಿಗಲಿಲ್ಲ. ಉಳಿದುಕೊಂಡ ಮನೆಯ ಮಗಳು ಎಮ್ಮಾ ಹೇಲ್ ಮುಂದೆ ಅವನ ಹೆಂಡತಿಯಾದಳು. 1826ರಲ್ಲಿ ಈ ಕಲ್ಲುನೋಟದ ದೂರಿನ ಮೇಲೆ ಅವನು ನ್ಯಾಯಾಧೀಶರೆದುರು ನಿಲ್ಲಬೇಕಾಯಿತು. ಅವನನ್ನು ಕೂಲಿಗೆ ಕರೆದಿದ್ದ ಸ್ಟೋವೆಲ್ ಅವನ ಪರವಾಗಿಯೇ ಸಾಕ್ಷಿ ನುಡಿದ. ಮೋಸ ಎಂಬ ಒಂದೇ ಮಾತಿನಲ್ಲಿ ಈ ಕಥೆಯನ್ನು ಮುಗಿಸುವವರು ಆ ರೈತನ ಸಾಕ್ಷಿಯನ್ನು ಒಮ್ಮೆ ನೆನೆಯಬೇಕು ಎಂಬುದು ನನ್ನ ಬಿನ್ನಹ.

1827ರ ಸೆಪ್ಟೆಂಬರ್ 22. ಮೊರೋನಿ ಎಂಬ ದೇವದೂತನ ಕಾವಲಿನಲ್ಲಿದ್ದ, ಬರಹ ಕೆತ್ತಿದ ಚಿನ್ನದ ತಗಡುಗಳನ್ನು ಗುಡ್ಡದಿಂದ ತಂದೆನೆಂದು ಜೋಸೆಫ್ ಹೇಳಿದ. ನೆಲ, ಕಾವಲು, ಚಿನ್ನ, ರಾತ್ರಿ: ಹಳೆಯ ನಿಧಿಕಥೆಯ ಅಂಗಗಳೆಲ್ಲ ಇಲ್ಲಿವೆ. ಆದರೆ ಈ ನಿಧಿ ಮಾರುವುದಕ್ಕಲ್ಲ, ಓದುವುದಕ್ಕೆ. ಓದಿದ ಬಗೆಯೂ ಹಳೆಯದೇ. ಟೋಪಿಯೊಳಗೆ ಕಲ್ಲು, ಅದರಲ್ಲಿ ಮುಖ. ಗಂಟೆಗಟ್ಟಲೆ ಅವನು ಹೇಳುತ್ತಿದ್ದ, ಎದುರು ಕುಳಿತವರು ಬರೆದುಕೊಳ್ಳುತ್ತಿದ್ದರು. ಊಟಕ್ಕೆದ್ದು ಬಂದರೂ ಹಿಂದೆ ಬರೆದದ್ದನ್ನು ಓದಿಸಿಕೊಳ್ಳದೆ, ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸುತ್ತಿದ್ದನೆಂದು ಎಮ್ಮಾ ಮುಪ್ಪಿನಲ್ಲಿ ನೆನೆದುಕೊಂಡಳು. 1830ರಲ್ಲಿ ಹಾಗೆ ಬರೆದುಕೊಂಡ ಗ್ರಂಥ ‘ಬುಕ್ ಆಫ್ ಮಾರ್ಮನ್’ ಪಾಲ್ಮೈರಾದಲ್ಲಿ 5,000 ಪ್ರತಿ ಅಚ್ಚಾಯಿತು.

ಆ ಜನಕ್ಕೆ ಬೈಬಲ್ಲೂ ಕಲ್ಲೂ ಒಂದೇ ಮನೆಯ ವಸ್ತುಗಳಾಗಿದ್ದವು. ಬೇರ್ಪಡಿಸುವ ಸಂಕೋಚ ಆಮೇಲೆ ಬಂತು. ಗ್ರಂಥದ ಬಹುಭಾಗವನ್ನು ಬರೆದುಕೊಂಡ ಆಲಿವರ್ ಕೌಡರಿಗೆ ಮರೆಯಾದದ್ದನ್ನು ತೋರಿಸುವ ಶಕುನದ ಕಡ್ಡಿ ಬಳಸುವ ವರವಿದೆಯೆಂದು, ಜೋಸೆಫ್ ನುಡಿದು 1833ರಲ್ಲಿ ಅಚ್ಚಾದ ದೈವವಾಣಿ ಹೇಳುತ್ತಿತ್ತು. 1835ರ ಮುದ್ರಣದಲ್ಲಿ ಕಡ್ಡಿಯ ಮಾತು ಹೋಗಿ, ಬೈಬಲ್ಲಿನ ಪುರೋಹಿತ ಆರೋನನ ಹೆಸರಿನಲ್ಲಿ ಅದು ‘ಆರೋನನ ವರ’ವಾಯಿತು. ತಗಡುಗಳ ಮೇಲೆ ಬೆರಳಿಟ್ಟು ಓದುವ ಜೋಸೆಫನ ಚಿತ್ರಗಳನ್ನು ಮುಂದಿನವರು ಬರೆದರು. ಟೋಪಿ ಆ ಚಿತ್ರಗಳಿಂದ ಮರೆಯಾಯಿತು.

2015ರಲ್ಲಿ ಮಾರ್ಮನ್ ಚರ್ಚ್ ತಾನೇ ಮುಂದಾಗಿ ಕಲ್ಲಿನ ಛಾಯಾಚಿತ್ರವನ್ನು ಪ್ರಕಟಿಸಿತು. ಪಕ್ಕದಲ್ಲಿ ಒಂದು ಚರ್ಮದ ಚೀಲವೂ ಇದೆ. ಅದನ್ನು ಹೊಲಿದವಳು ಎಮ್ಮಾ ಇರಬಹುದೆನ್ನುತ್ತಾರೆ. ನಮಸ್ಕಾರ.