ಪ್ಲೇಟಿನ ಹಿಂಬದಿಯಲ್ಲಿದ್ದ ಬಾಂಬೆ

ನಮಸ್ಕಾರ. ಇವತ್ತು ಒಂದೇ ಒಂದು ಹಾಡಿನ ಬಗ್ಗೆ ಮಾತಾಡುತ್ತೇನೆ. ಎರಡೂವರೆ ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ ಇರುವ ಹಾಡು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಮಾಡಿದ ‘ದಿ ಇನ್ನರ್ ಲೈಟ್’.

1968ರ ಮಾರ್ಚ್‌ನಲ್ಲಿ ‘ಲೇಡಿ ಮಡೋನಾ’ ಪ್ಲೇಟು ಬಂತು. ಎಲ್ಲರೂ ಕೊಂಡಿದ್ದು ಆ ಹಾಡಿಗೆ. ಅದನ್ನು ಮಗುಚಿ ಹಾಕಿದರೆ ಹಿಂಬದಿಯಲ್ಲಿ ಇದು ಇತ್ತು. ಹ್ಯಾರಿಸನ್ ಬರೆದ ಹಾಡು ಬೀಟಲ್ಸ್ ಸಿಂಗಲ್‌ನಲ್ಲಿ ಬಂದಿದ್ದು ಅದೇ ಮೊದಲು. ಆದರೆ ಆಗಿನ ಯಾವ ಆಲ್ಬಮ್‌ನಲ್ಲೂ ಇದಕ್ಕೆ ಜಾಗ ಸಿಗಲಿಲ್ಲ. ಹತ್ತು ವರ್ಷ ಆದ ಮೇಲೆ ಬಿಡಿ ಹಾಡುಗಳ ಸಂಗ್ರಹಕ್ಕೆ ಸೇರಿತು. ಹಾಗಾಗಿ ಬೀಟಲ್ಸ್ ಅಂದರೆ ಪ್ರಾಣ ಬಿಡುವವರಲ್ಲೂ ಎಷ್ಟೋ ಜನ ಇದನ್ನು ತಡವಾಗಿ ಕೇಳಿದರು. ಕೇಳಿದವರು ಮಾತ್ರ ಸುಮ್ನೆ ಬಿಡಲಿಲ್ಲ. ಇದು ಎಲ್ಲಿಂದ ಬಂತು, ಯಾರ ಪ್ರಭಾವ ಅಂತ ಇವತ್ತಿಗೂ ವಾದ ಮಾಡುತ್ತಲೇ ಇದ್ದಾರೆ.

ನನ್ನ ಗೆಳೆಯರ ಬಳಗದಲ್ಲೇ ಈ ವಾದ ಎಷ್ಟು ಸಲ ಆಗಿದೆಯೋ ಲೆಕ್ಕವಿಲ್ಲ. ಧಾರವಾಡದ ಗೆಳೆಯನೊಬ್ಬ ಇದ್ದಾನೆ, ತಬಲಾ ಕಲಿತವನು. ಅವನು ಹಾಡು ಶುರುವಾಗುತ್ತಿದ್ದ ಹಾಗೆ “ಇದು ಖಮಾಜ್ ಐತಿ ನೋಡೋ, ಪಕ್ಕಾ ಹಿಂದೂಸ್ತಾನಿ” ಅನ್ನುತ್ತಾನೆ. ಮೈಸೂರಿನ ಗೆಳತಿ ವೀಣೆ ಕಲಿತವಳು. “ಸುಮ್ನಿರೋ, ಈ ಓಟ ಕೇಳು, ದೇವಸ್ಥಾನದಲ್ಲಿ ನಾಗಸ್ವರ ಊದಿದ ಹಾಗಿದೆ. ಹರಿಕಾಂಭೋಜಿ ಇದು” ಅನ್ನುತ್ತಾಳೆ. ಒಂದು ಹಿಂದೂಸ್ತಾನಿ ಸಂಗೀತದ ಹೆಸರು, ಇನ್ನೊಂದು ಕರ್ನಾಟಕ ಸಂಗೀತದ್ದು; ಸ್ವರ ಲೆಕ್ಕ ಹಾಕಿದರೆ ಖಮಾಜ್ ಥಾಟೂ ಹರಿಕಾಂಭೋಜಿ ಮೇಳವೂ ಒಂದೇ. ಆದರೂ ಇಬ್ಬರೂ ಬಿಟ್ಟುಕೊಡುವುದಿಲ್ಲ. ಕರ್ನಾಟಕದಲ್ಲಿ ಎರಡೂ ಸಂಗೀತ ಅಕ್ಕಪಕ್ಕ ಬೆಳೆದಿದೆ, ಅಲ್ವಾ? ಅದಕ್ಕೇ ಈ ಹಾಡು ಕೇಳಿದಾಗ ನಮ್ಮ ಕಿವಿ ಎರಡೂ ಕಡೆಗೆ ಎಳೆಯುತ್ತದೆ.

ಮೈಸೂರಿನವಳ ಮಾತಿನಲ್ಲಿ ಹುರುಳಿದೆ. ಹೊರದೇಶದ ಅಭಿಮಾನಿಗಳಲ್ಲೂ ಕೆಲವರು ಇದನ್ನು ದಕ್ಷಿಣದ ಸಂಗೀತಕ್ಕೆ ಹತ್ತಿರ ಅನ್ನುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ಶುರುವಿನ ಭಾಗವನ್ನಷ್ಟೇ ಕೇಳಿ. ಆಲಾಪದ ನಿಧಾನವಿಲ್ಲ, ನೇರ ಓಟ. ಮುಂದೆ ಶಹನಾಯಿ. ಮದುವೆ ಮನೆಯ ವಾಲಗ ಕೇಳಿ ಬೆಳೆದವರಿಗೆ ಆ ನಾದ ಕೇಳಿದೊಡನೆ ಮೈ ನೆಟ್ಟಗಾಗುತ್ತದೆ. ಕೆಳಗೆ ಬಡಿಯುತ್ತಿರುವುದು ತಬಲಾ ಅಲ್ಲ, ಪಖವಾಜ್. ನಮ್ಮ ಮೃದಂಗದ ಅಣ್ಣನೋ ತಮ್ಮನೋ ಅನ್ನಬಹುದಾದ ವಾದ್ಯ. ಒಂದೇ ಮರದ ಕಾಂಡ, ಎರಡು ಬಾಯಿ. ಮೃದಂಗದ ಎಡಗಡೆಗೆ ರವೆ ಕಲಸಿ ಹಚ್ಚಿದ ಹಾಗೆ ಪಖವಾಜಿಗೆ ಗೋಧಿ ಹಿಟ್ಟು ಹಚ್ಚುತ್ತಾರೆ. ಆ ಹಿಟ್ಟಿನಿಂದಲೇ ಎಡಗಡೆ ಗುಂ ಅಂತ ತುಂಬಿಕೊಂಡು ನುಡಿಯುತ್ತದೆ. ಆ ಗುಂಕಾರ ಕೇಳಿದ ದಕ್ಷಿಣದ ಕಿವಿ ಇದು ನಮ್ಮದು ಅಂದುಕೊಂಡರೆ ಅದರಲ್ಲಿ ತಪ್ಪೇನಿದೆ?

ಅದಕ್ಕೆ ಇನ್ನೊಂದು ಕಾರಣವೂ ಇರಬಹುದು. ಹ್ಯಾರಿಸನ್‌ಗೆ ಸಿತಾರ್ ಹೇಳಿಕೊಟ್ಟವರು ರವಿಶಂಕರ್. 1966ರಿಂದ ಅವರಲ್ಲಿ ಪಾಠ. ಆ ರವಿಶಂಕರ್ ಅವರೇ ಕರ್ನಾಟಕ ಸಂಗೀತದಿಂದ ಧಾರಾಳವಾಗಿ ಪಡೆದವರು. ಕೀರವಾಣಿ, ಚಾರುಕೇಶಿಯಂಥ ರಾಗಗಳನ್ನು ಸಿತಾರಿಗೆ ತಂದರು. ದಕ್ಷಿಣದ ತಾಳದ ಲೆಕ್ಕಾಚಾರ ಅಂದರೆ ಅವರಿಗೆ ತುಂಬಾ ಇಷ್ಟ. ಗುರುವಿನ ಕೈಯಲ್ಲೇ ಎರಡೂ ಬೆರೆತಿದ್ದರೆ ಶಿಷ್ಯನ ಹಾಡಿನಲ್ಲಿ ಗೆರೆ ಎಳೆಯುವುದು ಹೇಗೆ?

ಸಾಹಿತ್ಯದ ವಿಷಯದಲ್ಲಿ ಮಾತ್ರ ವಾದಕ್ಕೆ ಜಾಗವಿಲ್ಲ. ಹುವಾನ್ ಮಸ್ಕಾರೊ ಅಂತ ಒಬ್ಬರಿದ್ದರು. ಸ್ಪೇನಿನ ಮಯೋರ್ಕಾ ದ್ವೀಪದವರು. ಕೇಂಬ್ರಿಜ್‌ನಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದರು. ಭಗವದ್ಗೀತೆಯನ್ನೂ ಉಪನಿಷತ್ತುಗಳನ್ನೂ ಇಂಗ್ಲಿಷ್‌ಗೆ ತಂದವರು. 1967ರಲ್ಲಿ ಹ್ಯಾರಿಸನ್ ಮತ್ತು ಬೀಟಲ್ಸ್‌ನ ಜಾನ್ ಲೆನನ್ ಟಿವಿಯಲ್ಲಿ ಧ್ಯಾನದ ಬಗ್ಗೆ ಮಾತಾಡಿದ ಕಾರ್ಯಕ್ರಮದಿಂದ ಮಸ್ಕಾರೊಗೂ ಹ್ಯಾರಿಸನ್‌ಗೂ ನಂಟು ಬೆಳೆಯಿತು. ‘ಲ್ಯಾಂಪ್ಸ್ ಆಫ್ ಫೈರ್’ ಅನ್ನುವ ತಮ್ಮ ಸಂಗ್ರಹವನ್ನು ಅವರು ಹ್ಯಾರಿಸನ್‌ಗೆ ಕಳಿಸಿಕೊಟ್ಟರು. ಲಾವ್ ತ್ಸು ಬರೆದದ್ದು ಅನ್ನುವ ಚೀನಾದ ಹಳೆಯ ಗ್ರಂಥ ದಾವ್ ದ ಜಿಂಗ್‌ನ ಒಂದು ಪದ್ಯಕ್ಕೆ ರಾಗ ಹಾಕಬಾರದೇಕೆ ಅಂತ ಕಾಗದ ಬರೆದರು. ಅದು 47ನೆಯ ಪದ್ಯ. ಬಾಗಿಲು ದಾಟದೆಯೇ ಲೋಕವನ್ನೆಲ್ಲ ತಿಳಿಯಬಹುದು, ದೂರ ಹೋದಷ್ಟೂ ತಿಳಿಯುವುದು ಕಡಿಮೆ ಅನ್ನುತ್ತದೆ ಆ ಪದ್ಯ. ‘ದೇಶ ಸುತ್ತು, ಕೋಶ ಓದು’ ಅಂತ ಕೇಳಿಕೊಂಡು ಬೆಳೆದ ನನಗೆ ಇದು ಮೊದಲ ಸಲ ಗಂಟಲಲ್ಲಿ ಇಳಿಯಲಿಲ್ಲ. ಈಗ ಆ ಎರಡು ಮಾತುಗಳನ್ನೂ ಒಟ್ಟಿಗೆ ಇಟ್ಟುಕೊಂಡಿದ್ದೇನೆ.

ಇಲ್ಲಿಂದ ನನ್ನ ತಕರಾರು ಶುರು. ಪ್ರಭಾವ ಅಂದ ಕೂಡಲೇ ನಾವು ದೊಡ್ಡ ಹೆಸರುಗಳನ್ನು ಹುಡುಕುತ್ತೇವೆ. ಲಾವ್ ತ್ಸು, ರವಿಶಂಕರ್, ಮಸ್ಕಾರೊ. ಅವರಲ್ಲಿ ಯಾರೂ ಆ ಹಾಡು ರೆಕಾರ್ಡ್ ಆದ ಕೋಣೆಯಲ್ಲಿ ವಾದ್ಯ ಹಿಡಿದು ಕೂತಿರಲಿಲ್ಲ. ಕೂತವರು ಬೇರೆ.

1968ರ ಜನವರಿ. ‘ವಂಡರ್‌ವಾಲ್’ ಸಿನಿಮಾಕ್ಕೆ ಸಂಗೀತ ಮಾಡಿಸಲು ಹ್ಯಾರಿಸನ್ ಬಾಂಬೆಗೆ ಬಂದಿದ್ದರು. ಎಚ್‌ಎಂವಿ ಸ್ಟುಡಿಯೊ. ಅಲ್ಲಿದ್ದುದು ಮೋನೊ ಯಂತ್ರ. ಕಂಪನಿಯ ಭಾಸ್ಕರ್ ಮೆನನ್ ಕಲ್ಕತ್ತಾದಿಂದ ರೈಲಿನಲ್ಲಿ ಸ್ಟೀರಿಯೊ ಯಂತ್ರ ತರಿಸಿದರು ಅಂತ ಹ್ಯಾರಿಸನ್ ಆಮೇಲೆ ನೆನಪಿಸಿಕೊಂಡಿದ್ದಾರೆ. ಕೋಣೆಗೆ ಸದ್ದು ತಡೆಯುವ ಗೋಡೆ ಇರಲಿಲ್ಲ. ಸಂಜೆ ಐದೂವರೆಗೆ ಆಫೀಸು ಬಿಟ್ಟರೆ ಜನ ಮೆಟ್ಟಿಲು ಇಳಿಯುವ ದಡದಡ ಸದ್ದು ಒಳಗೆ ಕೇಳಿಸುತ್ತಿತ್ತು, ರೆಕಾರ್ಡಿಂಗ್ ನಿಲ್ಲಿಸಬೇಕಾಗುತ್ತಿತ್ತು ಅಂತಲೂ ಹೇಳಿದ್ದಾರೆ. ಸಿನಿಮಾ ಕೆಲಸದ ನಡುವೆ, ಅದೇ ಕೋಣೆಯಲ್ಲಿ ಈ ಹಾಡಿನ ವಾದ್ಯಭಾಗವೂ ಆಗಿಹೋಯಿತು.

ನುಡಿಸಿದವರು ಅಂತ ಸಾಮಾನ್ಯವಾಗಿ ಬರುವ ಹೆಸರುಗಳು ಇವು. ಸರೋದ್ ಆಶಿಶ್ ಖಾನ್. ಪಖವಾಜ್ ಮಹಾಪುರುಷ ಮಿಶ್ರ. ಶಹನಾಯಿ ಹನುಮಾನ್ ಜಾದವ್. ಹಾರ್ಮೋನಿಯಂ ರಿಜ್‌ರಾಮ್ ದೇಸಾದ್. ಕೊಳಲು ಹರಿಪ್ರಸಾದ್ ಚೌರಾಸಿಯಾ. ಆಶಿಶ್ ಖಾನ್ ಅಲ್ಲಾವುದ್ದೀನ್ ಖಾನರ ಮೊಮ್ಮಗ. ರವಿಶಂಕರ್ ಅದೇ ಅಲ್ಲಾವುದ್ದೀನ್ ಖಾನರ ಶಿಷ್ಯ. ಅಂದರೆ ರವಿಶಂಕರ್ ಕಲಿತ ಮನೆಯ ಹುಡುಗನೇ ಇಲ್ಲಿ ಸರೋದ್ ಹಿಡಿದು ಕೂತಿದ್ದ.

ಕೊಳಲಿನ ಬಗ್ಗೆ ಇನ್ನೊಂದು ವಾದವಿದೆ. ‘ವಂಡರ್‌ವಾಲ್ ಮ್ಯೂಸಿಕ್’ ಆಲ್ಬಮ್‌ನ ಕವರಿನಲ್ಲಿ ಕೊಳಲಿಗೆ ಎಸ್‌. ಆರ್‌. ಕೇಂಕರೆ ಅವರ ಹೆಸರಿದೆ, ಚೌರಾಸಿಯಾ ಹೆಸರಿಲ್ಲ. ಹಾಗಿದ್ದರೆ ಹಾಡಿನಲ್ಲಿ ಊದಿದ್ದು ಯಾರು ಅಂತ ಅಭಿಮಾನಿಗಳು ಕೇಳುತ್ತಾರೆ. ಎಲ್ಲ ವಾದಗಳಲ್ಲಿ ನನಗೆ ಬೇಕಾದ ವಾದ ಇದೇ. ಏಕೆಂದರೆ ಇಲ್ಲಿ ಜನ ಒಬ್ಬ ಮನುಷ್ಯನ ಉಸಿರನ್ನು ಹುಡುಕುತ್ತಿದ್ದಾರೆ. ಸಿಂಗಲ್ ಪ್ಲೇಟಿನ ಲೇಬಲ್ ಮೇಲೆ ಇದ್ದದ್ದು ಬೀಟಲ್ಸ್ ಹೆಸರು, ಆವರಣದಲ್ಲಿ ಹ್ಯಾರಿಸನ್ ಹೆಸರು. ನುಡಿಸಿದವರದು ಒಂದೂ ಇಲ್ಲ. ಅಲ್ಲೊಂದು ಸಾಲು ಹಾಕಿದ್ದರೆ ಈ ವಾದವೇ ಬೇಕಿರಲಿಲ್ಲ, ಅಲ್ವಾ?

ಈಗ ನನ್ನ ಕಿವಿಗೆ ಕೇಳಿಸಿದ್ದನ್ನು ಹೇಳುತ್ತೇನೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟಿದ್ದು. ಈ ಹಾಡಿನ ಕಟ್ಟಡ ನೋಡಿ. ಮೊದಲು ವಾದ್ಯಗಳ ಓಟ. ದನಿ ಬರುವಾಗ ಎಲ್ಲವೂ ತಗ್ಗುತ್ತದೆ. ಹಾಡುವವರು ಸಾಲು ಮುಗಿಸಿ ಬಿಟ್ಟ ಜಾಗಕ್ಕೆ ವಾದ್ಯ ಬಂದು ಉತ್ತರ ಕೊಡುತ್ತದೆ. ದನಿ ನಿಂತ ತಕ್ಷಣ ಮತ್ತೆ ಓಟ. ಇದು ಕಛೇರಿಯ ಕ್ರಮವಲ್ಲ. ಇದು ನಮ್ಮ ಸಿನಿಮಾ ಹಾಡಿನ ಕ್ರಮ. ಶುರುವಿಗೆ ಒಂದು ಬಿಟ್, ಪಲ್ಲವಿ, ಇಂಟರ್‌ಲ್ಯೂಡ್, ಚರಣ. ಮೂರು ನಿಮಿಷದೊಳಗೆ ರಾಗದ ರುಚಿ ತೋರಿಸಿ ಎದ್ದು ಬರುವುದು ಬಾಂಬೆಯ ಸ್ಟುಡಿಯೊ ವಾದಕರಿಗೆ ದಿನದ ಕೆಲಸ. ಹ್ಯಾರಿಸನ್ ಅವರದೇ ಒಂದು ವರ್ಷ ಹಿಂದಿನ ಹಾಡು ‘ವಿದಿನ್ ಯೂ ವಿದೌಟ್ ಯೂ’ ಕೇಳಿ. ಐದು ನಿಮಿಷ ಹಿಡಿಯುತ್ತದೆ, ರವಿಶಂಕರ್ ಆಕಾಶವಾಣಿಗೆ ಮಾಡಿದ ದೊಡ್ಡ ರಚನೆಯ ನೆರಳು ಅದರ ಮೇಲಿದೆ ಅಂತ ಹ್ಯಾರಿಸನ್ನೇ ಹೇಳಿದ್ದಾರೆ. ಅದು ಲಂಡನ್ನಿನಲ್ಲಿ ಆದದ್ದು. ಬಾಂಬೆಯಲ್ಲಿ ಆದ ಹಾಡು ಅದರ ಅರ್ಧದಷ್ಟು, ಒಂದು ಸ್ವರವೂ ಹೆಚ್ಚಿಲ್ಲ. ನನ್ನ ಪಾಲಿಗೆ ಯಾರೂ ಎತ್ತದ ಪ್ರಭಾವ ಇದು. ಬಾಂಬೆಯ ರೆಕಾರ್ಡಿಂಗ್ ಕೋಣೆಯ ಅಭ್ಯಾಸ.

ಇದರಿಂದ ಹ್ಯಾರಿಸನ್ ಚಿಕ್ಕವರಾಗುವುದಿಲ್ಲ. ರಾಗ ಕಟ್ಟಿದ್ದು ಅವರು. ಲಂಡನ್ನಿಗೆ ಹೋಗಿ ಫೆಬ್ರವರಿಯಲ್ಲಿ ಹಾಡಿದರು. ಹಾಡಲು ಹಿಂಜರಿಯುತ್ತಿದ್ದರಂತೆ, ತಂಡದ ಪಾಲ್ ಮೆಕಾರ್ಟ್ನಿ ಧೈರ್ಯ ತುಂಬಿದರಂತೆ. ಕೊನೆಯ ಸಾಲಿಗೆ ಲೆನನ್ ಮತ್ತು ಮೆಕಾರ್ಟ್ನಿ ದನಿ ಸೇರಿಸಿದ್ದಾರೆ. ಮೆಕಾರ್ಟ್ನಿ ಆಗ ಒಂದು ಮಾತು ಹೇಳಿದ್ದರು, ಭಾರತೀಯ ಸಂಗೀತ ಅನ್ನುವುದನ್ನು ಮರೆತು ಆ ಮೆಲೋಡಿ ಕೇಳಿ, ಎಷ್ಟು ಚೆನ್ನಾಗಿದೆ ಅಂತ. ಪ್ರೀತಿಯಿಂದ ಆಡಿದ ಮಾತು. ಆದರೂ ನಾನು ಒಪ್ಪುವುದಿಲ್ಲ. ಆ ಸರೋದಿನ ಜಾರು ತೆಗೆದರೆ ಮೆಲೋಡಿ ಎಲ್ಲಿ ನಿಲ್ಲುತ್ತದೆ? ಹ್ಯಾರಿಸನ್ ತೀರಿಕೊಂಡ ಮರುವರ್ಷ, 2002ರಲ್ಲಿ, ಲಂಡನ್ನಿನ ಸ್ಮರಣೆ ಕಾರ್ಯಕ್ರಮದಲ್ಲಿ ಗಾಯಕ ಜೆಫ್ ಲಿನ್ ಇದನ್ನು ಹಾಡಿದರು. ಅಲ್ಲೂ ಪಕ್ಕದಲ್ಲಿ ಸಿತಾರ್ ಹಿಡಿದು ರವಿಶಂಕರ್ ಮಗಳು ಅನೂಷ್ಕಾ ಶಂಕರ್ ಕೂತಿದ್ದರು.

2014ರಲ್ಲಿ ‘ವಂಡರ್‌ವಾಲ್ ಮ್ಯೂಸಿಕ್’ ಮತ್ತೆ ಹೊರಬಂದಾಗ ಈ ಹಾಡಿನ ಇನ್ನೊಂದು ಟೇಕ್ ಸೇರಿಸಿದರು. ಅದರಲ್ಲಿ ದನಿ ಇಲ್ಲ, ಬರೀ ವಾದ್ಯ. ಇವತ್ತು ರಾತ್ರಿ ಅದನ್ನು ಕೇಳಿ. ಹಾಡು ಗೊತ್ತಿರುವವರಿಗೆ ದನಿ ಬರಬೇಕಾದ ಜಾಗ ಬಂದಾಗ ಎದೆ ಒಂದು ಕ್ಷಣ ಕಾಯುತ್ತದೆ. ಯಾರೂ ಹಾಡುವುದಿಲ್ಲ. ಕೆಳಗೆ ಹಾರ್ಮೋನಿಯಂ ನಾದ ಹಿಡಿದೇ ಇರುತ್ತದೆ, ಮುಂದಿನ ಓಟಕ್ಕೆ ಪಖವಾಜ್ ಮತ್ತೆ ಏಳುತ್ತದೆ.